ಸ್ವಂತ ಪ್ರಕಟಣೆ: ವರ್ಣನೆ ಎಷ್ಟು, ಪ್ರಚಾರ ಹೇಗೆ?

ಪ್ರಶ್ನೆ: ವರ್ಣನೆಯೆಂದರೆ ನನಗೆ ಪ್ರಾಣ. ಹಸ್ತಪ್ರತಿ ಓದಿದವರೆಲ್ಲ ‘ಭಾಷೆ ಚೆನ್ನಾಗಿದೆ, ಆದರೆ ಕತೆ ಮುಂದಕ್ಕೆ ಹೋಗೋದೇ ಇಲ್ಲ’ ಅನ್ನುತ್ತಾರೆ. ವರ್ಣನೆಯನ್ನೆಲ್ಲ ಕಿತ್ತುಹಾಕಬೇಕೆ?

ಖಂಡಿತ ಬೇಡ. ಆ ಪ್ರೀತಿಯೇ ನಿಮ್ಮ ಬಂಡವಾಳ. ಸಮಸ್ಯೆ ಇರುವುದು ವರ್ಣನೆ ಇರುವುದರಲ್ಲಲ್ಲ, ಅದು ಎಲ್ಲಿ ಕೂತಿದೆ ಅನ್ನುವುದರಲ್ಲಿ. ಇಂಥ ಬರವಣಿಗೆಯಲ್ಲಿ ಸಾಮಾನ್ಯವಾಗಿ ಸಿಗುವ ಒಂದು ವಾಕ್ಯ ನೋಡಿ:

‘ಧೂಳು ಹಿಡಿದ, ಮಂದ ಬೆಳಕಿನಲ್ಲಿ ಮಸುಕಾಗಿ ಕಾಣುತ್ತಿದ್ದ, ನೆನಪುಗಳ ಭಾರಕ್ಕೆ ಕುಸಿದಂತಿದ್ದ ಹಳೆಯ ಕೋಣೆಯೊಳಗೆ ಆಕೆ ನಿಧಾನವಾಗಿ ಪ್ರವೇಶಿಸಿದಳು.’

ಕನ್ನಡದಲ್ಲಿ ವಿಶೇಷಣ ಮೊದಲು, ನಾಮಪದ ಆಮೇಲೆ, ಕ್ರಿಯಾಪದ ಕೊನೆಗೆ. ಹಾಗಾಗಿ ಓದುಗ ಯಾವುದರ ಮಾತು ಅಂತ ಗೊತ್ತಾಗುವ ಮೊದಲೇ ನಾಲ್ಕು ಗುಣಗಳನ್ನು ಹೊತ್ತುಕೊಂಡು ‘ಕೋಣೆ’ಗಾಗಿ ಕಾಯಬೇಕು. ಕಾದದ್ದಕ್ಕೆ ಸಿಗುವುದು ‘ಪ್ರವೇಶಿಸಿದಳು’ ಎಂಬ ಸಪ್ಪೆ ಕ್ರಿಯಾಪದ. ಇದನ್ನೇ ಹೀಗೆ ಬರೆಯಬಹುದು:

‘ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡಿತು. ಆಕೆ ಭುಜ ಕೊಟ್ಟು ತಳ್ಳಿ ಒಳಗೆ ಬಂದಳು. ಮೇಜಿನ ಮೇಲಿನ ಧೂಳಿನಲ್ಲಿ ಯಾರೋ ಬೆರಳಾಡಿಸಿದ ಗೆರೆ ಹೊಸದಾಗಿತ್ತು.’

ಕೋಣೆ ಹಳೆಯದೆಂದು ಎಲ್ಲೂ ಹೇಳಿಲ್ಲ. ಸಿಕ್ಕಿಕೊಂಡ ಬಾಗಿಲು ಹೇಳಿತು. ಆ ಗೆರೆಯಂತೂ ‘ಯಾರದು?’ ಎಂದು ಕೇಳಿಸಿ ಕತೆಯನ್ನು ಮುಂದಕ್ಕೆ ತಳ್ಳುತ್ತದೆ. ಉಳಿಸಿಕೊಳ್ಳಬೇಕಾದ ವರ್ಣನೆ ಇಂಥದ್ದು.

ತಿದ್ದುವುದಕ್ಕೆ ಒಂದು ಅಧ್ಯಾಯವನ್ನು ಪ್ರಿಂಟ್ ತೆಗೆದು ಮೂರು ಬಣ್ಣದ ಪೆನ್ನು ಹಿಡಿಯಿರಿ. ಒಂದು ವಿಶೇಷಣಗಳಿಗೆ. ಇನ್ನೊಂದು ‘ಹಾಗೆ’, ‘ಅಂತೆ’, ‘ಥರ’ ಬಂದ ಉಪಮೆಗಳಿಗೆ. ಮೂರನೆಯದು ‘ಕಾಣಿಸಿತು, ಕೇಳಿಸಿತು, ಅನ್ನಿಸಿತು’ಗಳಿಗೆ. ನಾಮಪದದ ಮುಂದೆ ಒಂದಕ್ಕಿಂತ ಹೆಚ್ಚು ವಿಶೇಷಣವಿದ್ದರೆ ಬಲವಾದ ಒಂದನ್ನು ಬಿಟ್ಟು ಉಳಿದವನ್ನು ಹೊಡೆಯಿರಿ. ಒಂದೇ ಪ್ಯಾರಾದಲ್ಲಿ ಎರಡು ಉಪಮೆ ಬಂದರೆ ಎರಡೂ ಮಂಕಾಗುತ್ತವೆ, ಒಂದು ಸಾಕು. ‘ಗಂಟೆಯ ಸದ್ದು ಅವಳಿಗೆ ಕೇಳಿಸಿತು’ ಅನ್ನುವುದಕ್ಕಿಂತ ‘ಗಂಟೆ ಬಾರಿಸಿತು’ ಎಂದರೆ ಓದುಗನೇ ಕೇಳಿಸಿಕೊಳ್ಳುತ್ತಾನೆ.

ಅನುಕರಣ ಪದಗಳ ಬಗ್ಗೆಯೂ ಒಂದು ಮಾತು. ಅವು ಕನ್ನಡದ ದೊಡ್ಡ ಸಂಪತ್ತು, ನಿಜ. ಆದರೆ ‘ಗಳಗಳನೆ ಅತ್ತಳು’, ‘ಪಕಪಕನೆ ನಕ್ಕ’ ಎಷ್ಟು ಸವೆದಿವೆಯೆಂದರೆ ಅಲ್ಲಿ ಸದ್ದೇ ಹುಟ್ಟುವುದಿಲ್ಲ. ಅಂಥದ್ದು ಬಂದಾಗ ಆ ವ್ಯಕ್ತಿ ಮಾತ್ರ ಅಳುವ ರೀತಿಯನ್ನು ಹುಡುಕಿ.

ಕೊನೆಗೆ ಗಟ್ಟಿಯಾಗಿ ಓದಿ. ಕ್ರಿಯಾಪದ ಸಿಗುವ ಮೊದಲೇ ಉಸಿರು ಮುಗಿದರೆ ಆ ವಾಕ್ಯವನ್ನು ಒಡೆಯಿರಿ. ಪಾತ್ರ ಓಡುತ್ತಿರುವಾಗ ಆಕಾಶದ ಬಣ್ಣ ಬೇಡ. ಅದೇ ಪಾತ್ರ ದಿಕ್ಕು ತೋಚದೆ ನಿಂತಾಗ ಅರ್ಧ ಪುಟದ ವರ್ಣನೆಯನ್ನೂ ಓದುಗ ಸಂತೋಷದಿಂದ ಓದುತ್ತಾನೆ.

ಪ್ರಶ್ನೆ: ಬೆನ್ನುಡಿ ನಾನೇ ಬರೆಯಬೇಕಾಗಿದೆ. ಕತೆ ಬಿಟ್ಟುಕೊಡದೆ ಏನು ಬರೆಯಲಿ?

ನೂರರಿಂದ ನೂರೈವತ್ತು ಪದ ಸಾಕು. ಕಾದಂಬರಿಯ ಮೊದಲ ಕಾಲುಭಾಗವನ್ನು ದಾಟಬೇಡಿ. ಯಾರು, ಅವರ ಬದುಕನ್ನು ಕದಡಿದ್ದು ಏನು, ಈಗ ಏನು ಪಣಕ್ಕಿದೆ ಎಂಬಿಷ್ಟು ಬಂದರೆ ಸರಿ. ಎರಡಕ್ಕಿಂತ ಹೆಚ್ಚು ಪಾತ್ರಗಳ ಹೆಸರು ಬಂದರೆ ಓದುಗ ಗೊಂದಲಕ್ಕೆ ಬೀಳುತ್ತಾನೆ.

‘ಮನಮುಟ್ಟುವ’, ‘ವಿಶಿಷ್ಟ’, ‘ಬದುಕಿನ ನಾನಾ ಮಜಲುಗಳನ್ನು ಅನಾವರಣಗೊಳಿಸುವ’ ಇವನ್ನು ಯಾವ ಪುಸ್ತಕದ ಬೆನ್ನಿಗೆ ಬೇಕಾದರೂ ಅಂಟಿಸಬಹುದು. ಅಂದಮೇಲೆ ನಿಮ್ಮ ಪುಸ್ತಕದ ಬಗ್ಗೆ ಅವು ಏನೂ ಹೇಳುವುದಿಲ್ಲ. ಬದಲಿಗೆ ಹೀಗೆ ಶುರುಮಾಡಬಹುದು: ‘ಇಪ್ಪತ್ತು ವರ್ಷದ ಮೇಲೆ ಅಣ್ಣನ ಕಾಗದ ಬಂದಿದೆ. ಅಕ್ಷರ ಅಣ್ಣನದೇ. ಆದರೆ ಅಣ್ಣನ ಹೆಣವನ್ನು ಶಾರದೆ ಕಣ್ಣಾರೆ ನೋಡಿದ್ದಾಳೆ.’ ಇಲ್ಲಿ ಹೊಗಳಿಕೆ ಒಂದಕ್ಷರವೂ ಇಲ್ಲ.

ಆನ್‌ಲೈನ್ ಮಳಿಗೆಗಳಲ್ಲಿ ಸಾಮಾನ್ಯವಾಗಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದು ‘ಇನ್ನಷ್ಟು ಓದಿ’ ಒತ್ತಿದ ಮೇಲೆ. ಆದ್ದರಿಂದ ಪ್ರಶಸ್ತಿ, ಪದವಿ, ಲೇಖಕರ ಪರಿಚಯ ಎಲ್ಲ ಕೊನೆಗಿರಲಿ.

ಪ್ರಶ್ನೆ: ಮುಖಪುಟ ಮಾಡುವವರು ಪುಟಸಂಖ್ಯೆ ಕೇಳುತ್ತಿದ್ದಾರೆ. ನಾನಿನ್ನೂ ತಿದ್ದುತ್ತಿದ್ದೇನೆ. ಅಂದಾಜು ಕೊಡಬಹುದೆ?

ಮುಂಭಾಗದ ವಿನ್ಯಾಸಕ್ಕೆ ಅಂದಾಜು ನಡೆಯುತ್ತದೆ, ಬೆನ್ನಿನ, ಅಂದರೆ ಕಪಾಟಿನಲ್ಲಿಟ್ಟಾಗ ಕಾಣುವ ಬದಿಯ, ಅಗಲಕ್ಕೆ ನಡೆಯುವುದಿಲ್ಲ. 240 ಪುಟವೆಂದರೆ 120 ಹಾಳೆ. ಒಂದು ಹಾಳೆಯ ದಪ್ಪ 0.1 ಮಿ.ಮೀ. ಇದ್ದರೆ ಬೆನ್ನು 12 ಮಿ.ಮೀ. ಆಮೇಲೆ ಮೂವತ್ತು ಪುಟ ಕಡಿಮೆಯಾದರೆ ಬೆನ್ನಿನ ಮೇಲಿನ ಹೆಸರು ಮಡಿಕೆ ದಾಟಿ ಮುಖಪುಟಕ್ಕೆ ಜಾರಬಹುದು. ಒಂದೇ ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಇದ್ದರೂ ಬಲ್ಕಿ, ಅಂದರೆ ಉಬ್ಬಿದಂತಿರುವ ಕಾಗದ ಹೆಚ್ಚು ದಪ್ಪವಿರುತ್ತದೆ. ಆದ್ದರಿಂದ ಅದೇ ಕಾಗದದ ಖಾಲಿ ಡಮ್ಮಿಯೊಂದನ್ನು (ಮಾದರಿ ಪುಸ್ತಕವನ್ನು) ಮುದ್ರಕರಿಂದ ಕೇಳಿ ಪಡೆದು ಅಳೆಯಿರಿ. ಪುಟಗಳು ಹದಿನಾರರ ಫಾರಂ (ಒಟ್ಟಿಗೆ ಮುದ್ರಿಸಿ ಮಡಿಸುವ ಹದಿನಾರು ಪುಟಗಳ ಕಟ್ಟು) ಲೆಕ್ಕಕ್ಕೆ ಕೂಡಿಬರುತ್ತವೆಯೇ ಅಂತಲೂ ನೋಡಿ. 240 ಸರಿಯಾಗಿ ಹದಿನೈದು ಫಾರಂ, 245 ಆದರೆ ಖಾಲಿ ಪುಟಗಳು ಉಳಿಯುತ್ತವೆ.

ಮುಖಪುಟದ ಕಡತ 300 ಡಿಪಿಐನಲ್ಲಿರಲಿ (ಇಂಚಿಗೆ 300 ಚುಕ್ಕಿ), ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಚಿತ್ರ, ಬಿಡಿಸಿ. ಮುಖಪುಟವನ್ನು ಫೋನಿನಲ್ಲಿ ಎರಡು ಸೆಂಟಿಮೀಟರ್ ಅಗಲಕ್ಕೆ ಕುಗ್ಗಿಸಿ ನೋಡುವುದನ್ನು ಮಾತ್ರ ಮರೆಯಬೇಡಿ. ಅಲಂಕಾರದ ಫಾಂಟಾದರೆ ಒತ್ತಕ್ಷರಗಳು ಕಲಸಿಹೋಗಿ ಹೆಸರೇ ಓದಲಾಗುವುದಿಲ್ಲ.

ಪ್ರಶ್ನೆ: ಮುದ್ರಿತ ಪ್ರತಿಗೂ ಇ-ಪುಸ್ತಕಕ್ಕೂ ಒಂದೇ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಸಾಕೆ?

ಸಾಲದು, ಪ್ರತಿ ರೂಪಕ್ಕೂ ಬೇರೆ ಸಂಖ್ಯೆ ಬೇಕು. ಬದಲಾವಣೆ ಇಲ್ಲದ ಮರುಮುದ್ರಣಕ್ಕೆ ಹಳೆಯದೇ ನಡೆಯುತ್ತದೆ. ಪರಿಷ್ಕೃತ ಆವೃತ್ತಿಗೆ ಹೊಸದು.

ಪ್ರಶ್ನೆ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಾದಂಬರಿಯನ್ನು ಇ-ಪುಸ್ತಕ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ.

ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಅದರಲ್ಲಿ ಕಡತದೊಳಗೆ ಉಳಿಯುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡದ ಆಕಾರ ಕೊಡುವುದು ಫಾಂಟ್ ಮಾತ್ರ. ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಅಂಥ ಪಠ್ಯ ಹುಡುಕಾಟದಲ್ಲೂ ಸಿಗುವುದಿಲ್ಲವಾದ್ದರಿಂದ ಪ್ರಚಾರಕ್ಕೂ ಪೆಟ್ಟು. ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಪರಿವರ್ತಕಕ್ಕೆ ಹಾಕುವ ಮೊದಲು ನಡುನಡುವೆ ಬಂದ ನಿಜವಾದ ಇಂಗ್ಲಿಷ್ ಪದಗಳನ್ನು ಗುರುತು ಹಾಕಿಡಿ, ಇಲ್ಲದಿದ್ದರೆ ಅವೂ ಕನ್ನಡದ ಕಸವಾಗುತ್ತವೆ. ಆದಮೇಲೆ ಅರ್ಕಾವೊತ್ತನ್ನು ಮೊದಲು ಪರೀಕ್ಷಿಸಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಆಮೇಲೆ ದೀರ್ಘಗಳು, ಅಂಕಿಗಳು. ‘ಫೇಸ್‌ಬುಕ್’ ಹೋಗಿ ‘ಫೇಸ್ಬುಕ್’ ಆಗಿದ್ದರೆ ನಡುವೆ ಇರಬೇಕಾದ ಅಗೋಚರ ಚಿಹ್ನೆ, ಅಂದರೆ ಜೀರೋ ವಿಡ್ತ್ ನಾನ್ ಜಾಯಿನರ್, ಬಿಟ್ಟುಹೋಗಿದೆ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ.

ಪ್ರಶ್ನೆ: ಬಿಡುಗಡೆಯ ದಿನ ನೂರಾರು ಜನ ಹಾರೈಸಿದರು. ಆಮೇಲೆ ದಿನಾ ಪೋಸ್ಟ್ ಹಾಕಿದರೂ ಪುಸ್ತಕ ಹೋಗುತ್ತಿಲ್ಲ. ಮುಂದಿನ ಪುಸ್ತಕಕ್ಕೆ ಏನು ಮಾಡಲಿ?

ಹಾರೈಸಿದವರು ನಿಮ್ಮ ಪರಿಚಿತರು. ನಿಮ್ಮ ಬಗೆಯ ಪುಸ್ತಕ ಓದುವವರು ಬೇರೆಲ್ಲೋ ಇದ್ದಾರೆ. ದಿನಾ ‘ಕೊಂಡು ಓದಿ’ ಎಂದರೆ ಪರಿಚಿತರೂ ಕಣ್ಣು ಹೊರಳಿಸುತ್ತಾರೆ.

ಬಿಡುಗಡೆಗೆ ಎಂಟು ವಾರ ಮೊದಲೇ ಶುರುಮಾಡಿ. ಅದೇ ಪ್ರಕಾರದ ಪುಸ್ತಕಗಳ ಬಗ್ಗೆ ಈಗಾಗಲೇ ಬರೆಯುತ್ತಿರುವ ಹದಿನೈದು-ಇಪ್ಪತ್ತು ಓದುಗರನ್ನು ಗುರುತಿಸಿ, ಮೊದಲೇ ಒಂದು ಪ್ರತಿ ಕಳಿಸಿ. ಅವರ ಹಿಂದಿನ ಬರಹದ ಯಾವ ಮಾತು ನೋಡಿ ಕಳಿಸುತ್ತಿದ್ದೀರಿ ಎಂದು ಎರಡು ಸಾಲು ಬರೆಯಿರಿ. ಎರಡು ವಾರ ಇರುವಾಗ ಒಮ್ಮೆ ಮಾತ್ರ ನೆನಪಿಸಿ.

ಅದೇ ಹೊತ್ತಿಗೆ ಪುಸ್ತಕದಿಂದ ಐದಾರು ತುಣುಕು ಆರಿಸಿ. ಒಂದೊಂದೂ ಎಂಬತ್ತರಿಂದ ನೂರಿಪ್ಪತ್ತು ಪದ, ಹಿಂದುಮುಂದು ಗೊತ್ತಿಲ್ಲದವರಿಗೂ ಅರ್ಥವಾಗಬೇಕು, ಕೊನೆಯಲ್ಲಿ ಏನೋ ಒಂದು ಬಾಕಿ ಉಳಿದಿರಬೇಕು. ಸುಂದರವಾದ ಸೂರ್ಯಾಸ್ತದ ಪ್ಯಾರಾ ಮೆಚ್ಚುಗೆ ತರುತ್ತದೆ, ಕೊಳ್ಳುವವರನ್ನು ತರುವುದಿಲ್ಲ. ಧೂಳಿನಲ್ಲಿ ಹೊಸ ಗೆರೆ ಇರುವ ಪ್ಯಾರಾ ತರುತ್ತದೆ. ವಾರಕ್ಕೊಂದು ಹಾಕಿ. ಚಿತ್ರವಾಗಿ ಹಾಕಿದರೂ ಪಠ್ಯವನ್ನು ಕೆಳಗೆ ಟೈಪ್ ಮಾಡಿ, ಹುಡುಕಿದವರಿಗೆ ಸಿಗುತ್ತದೆ. ಕೊಳ್ಳುವ ಕೊಂಡಿ ಒಂದೇ ಇರಲಿ, ಒತ್ತಿದರೆ ನೇರ ಪುಸ್ತಕದ ಪುಟಕ್ಕೇ ಹೋಗಲಿ. ‘ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ’ ಎಂದರೆ ಸಂಕೋಚದವರು ಅಲ್ಲಿಗೇ ನಿಲ್ಲುತ್ತಾರೆ.

ಪುಸ್ತಕದ ಕೊನೆಯ ಪುಟದಲ್ಲಿ ಓದುಗರಿಗೆ ನೀವು ಕಳಿಸುವ ಇಮೇಲ್ ಪತ್ರದ ಪಟ್ಟಿಗೆ ಸೇರುವ ಕ್ಯೂಆರ್ ಕೋಡ್ ಇಡಿ. ಸಾಮಾಜಿಕ ಜಾಲತಾಣದಲ್ಲಿ ಯಾರಿಗೆ ನಿಮ್ಮ ಪೋಸ್ಟ್ ತೋರಿಸಬೇಕೆಂದು ಆ ಕಂಪನಿ ತೀರ್ಮಾನಿಸುತ್ತದೆ, ಇಮೇಲ್ ಪಟ್ಟಿ ನಿಮ್ಮದೇ. ಒಪ್ಪಿದವರನ್ನಷ್ಟೇ ಸೇರಿಸಿ, ಹೊರಗೆ ಹೋಗುವ ದಾರಿಯೂ ಪ್ರತಿ ಪತ್ರದಲ್ಲಿರಲಿ.

ಪ್ರಶ್ನೆ: ಹಣ ಕೊಟ್ಟರೆ ಐದು ನಕ್ಷತ್ರದ ವಿಮರ್ಶೆ ಬರೆಸಿಕೊಡುತ್ತೇವೆ ಎಂದು ಕರೆ ಬರುತ್ತಿದೆ. ತೆಗೆದುಕೊಳ್ಳಬಹುದೆ?

ಬೇಡ. ಅದು ಓದುಗರಿಗೆ ಮಾಡುವ ಮೋಸ. ಅಮೆಜಾನ್ ನಿಯಮದ ಪ್ರಕಾರವೂ ಹಣ ಪಡೆದು ಬರೆದ ವಿಮರ್ಶೆಗೆ ಅವಕಾಶವಿಲ್ಲ, ಮನೆಯವರು ಬರೆದದ್ದಕ್ಕೂ ಇಲ್ಲ. ಸಿಕ್ಕಿಬಿದ್ದರೆ ವಿಮರ್ಶೆ ತೆಗೆದುಹಾಕುತ್ತಾರೆ, ಖಾತೆಗೂ ಕುತ್ತು ಬರಬಹುದು. ಉಚಿತ ಪ್ರತಿ ಕೊಡುವುದು ತಪ್ಪಲ್ಲ, ಆದರೆ ‘ಬರೆಯಲೇಬೇಕು’, ‘ಚೆನ್ನಾಗಿ ಬರೆಯಿರಿ’ ಎಂಬ ಷರತ್ತು ಹಾಕಬಾರದು.