ಎಂ.ಎ. ಇಂಗ್ಲಿಷ್‌ನ ಕಂಪ್ಯಾರೆಟಿವ್ ಭಾಗಕ್ಕೆ ಗೈಡ್ ಬಾಯಿಪಾಠ ಮಾಡಿದರೆ ಸಾಕಾ?

ನೀವು ಕೇಳಿರುವುದು ಇಷ್ಟು: ಕೋಲಾರದಲ್ಲಿ ಎಂ.ಎ. ಇಂಗ್ಲಿಷ್ ಓದುತ್ತಿದ್ದೀರಿ. ಪರೀಕ್ಷೆಗೆ ಒಂದು ತಿಂಗಳೂ ಉಳಿದಿಲ್ಲ. ತೌಲನಿಕ ಸಾಹಿತ್ಯದ ಭಾಗ, ಅಂದರೆ ಬೇರೆ ಬೇರೆ ಭಾಷೆಯ ಕೃತಿಗಳನ್ನು ಹೋಲಿಸಿ ಓದುವ ಕಂಪ್ಯಾರೆಟಿವ್ ಭಾಗ, ಮಾತ್ರ ತಲೆಗೆ ಹತ್ತುತ್ತಿಲ್ಲ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ, ಮನೆಮಾತು ತೆಲುಗು. ಗೈಡ್ ಬಾಯಿಪಾಠ ಮಾಡಿದರೆ ನಡೆಯುತ್ತಾ?

ನಡೆಯಲ್ಲ. ಅದನ್ನೇ ಮಾಡಿ ಕೆಟ್ಟವನು ನಾನು. ನನ್ನ ಕಾಲದಲ್ಲಿ ಎರಡು ಕವಿತೆಗಳನ್ನು ಹೋಲಿಸಿ ಅಂತ ದೊಡ್ಡ ಪ್ರಶ್ನೆ ಬಂದಿತ್ತು. ಮೂರು ಪುಟ ಮೊದಲನೇ ಕವಿತೆಯ ಸಾರಾಂಶ ಬರೆದೆ. ಮೂರು ಪುಟ ಎರಡನೆಯದರ ಸಾರಾಂಶ. ಕೊನೆಗೆ ‘ಹೀಗೆ ಇಬ್ಬರೂ ಮಹಾಕವಿಗಳು’ ಅಂತ ಒಂದು ಸಾಲು. ಅಡಿಷನಲ್ ಶೀಟ್ ಬೇರೆ ತಗೊಂಡಿದ್ದೆ, ಜಂಬದಿಂದ. ಪಾಸಾದೆ, ಅಷ್ಟೇ. ಈಗ ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಪೇಪರ್ ತಿದ್ದಲು ಕೂತಾಗ ನನ್ನ ಆ ಹಳೇ ಉತ್ತರವೇ ಬೇರೆ ಬೇರೆ ಕೈಬರಹದಲ್ಲಿ ಬರುತ್ತಾ ಇರುತ್ತದೆ.

ಬಂಗಾರಪೇಟೆ ಪಾನಿಪುರಿ ತಿಂದಿರುತ್ತೀರಿ. ಅಲ್ಲಿನ ಪಾನಿ ನೀರಿನ ಹಾಗೆ ತಿಳಿಯಾಗಿರುತ್ತದೆ, ಬೇರೆ ಕಡೆಯದು ಹಸಿರು. ‘ಬಂಗಾರಪೇಟೆಯದು ಚೆನ್ನಾಗಿದೆ, ಬೆಂಗಳೂರಿನದೂ ಚೆನ್ನಾಗಿದೆ’ ಅಂದರೆ ಅದು ಹೋಲಿಕೆ ಅಲ್ಲ. ‘ಇಲ್ಲಿ ಪಾನಿಗೆ ಪುದೀನದ ಬಣ್ಣವೇ ಇಲ್ಲ, ಆದರೂ ಖಾರ ನೆತ್ತಿಗೇರುತ್ತದೆ, ಅದು ಹೇಗೆ’ ಅಂತ ಕೇಳಿದರೆ ಹೋಲಿಕೆ ಶುರುವಾಯಿತು. ಒಂದು ಪ್ರಶ್ನೆ ಬೇಕು. ಎರಡೂ ಕೃತಿಗಳನ್ನು ಆ ಒಂದೇ ಪ್ರಶ್ನೆಯ ಮುಂದೆ ನಿಲ್ಲಿಸಬೇಕು. ಗೈಡ್‌ನಲ್ಲಿ ಸಾರಾಂಶ ಸಿಗುತ್ತದೆ, ಈ ಪ್ರಶ್ನೆ ಸಿಗುವುದಿಲ್ಲ.

ನಿಮ್ಮ ಜಿಲ್ಲೆಯದೇ ಒಂದು ಉದಾಹರಣೆ ಹಿಡಿದು ಮಾಡಿ ತೋರಿಸುತ್ತೇನೆ. ಡಿ.ವಿ. ಗುಂಡಪ್ಪನವರು ಮುಳಬಾಗಿಲಿನವರು, ಹುಟ್ಟಿದ್ದು 1887ರಲ್ಲಿ. ಮಂಕುತಿಮ್ಮನ ಕಗ್ಗ ಬಂದದ್ದು 1943ರಲ್ಲಿ. ಅದು ಎಲ್ಲರಿಗೂ ಗೊತ್ತು. ಪಾರಸಿ ಕವಿ ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ ಅಂತ ಕನ್ನಡಕ್ಕೆ ತಂದವರೂ ಅವರೇ ಅನ್ನುವುದು ಅಷ್ಟು ಜನರಿಗೆ ಗೊತ್ತಿಲ್ಲ. ಅವರ ಮುಂದಿದ್ದದ್ದು ಪಾರಸಿ ಮೂಲ ಅಲ್ಲ, ಎಡ್ವರ್ಡ್ ಫಿಟ್ಸ್‌ಜೆರಾಲ್ಡ್ 1859ರಲ್ಲಿ ಅಚ್ಚು ಹಾಕಿಸಿದ ಇಂಗ್ಲಿಷ್ ರುಬಾಯಿಗಳು, ಅಂದರೆ ನಾಲ್ಕು ಸಾಲಿನ ಪದ್ಯಗಳು. ಆ ಫಿಟ್ಸ್‌ಜೆರಾಲ್ಡ್ ಏನು ಸಾಧು ಅನುವಾದಕನೇ? ಎರಡು ಮೂರು ಪದ್ಯ ಕಲಸಿ ಒಂದು ಮಾಡಿದ್ದಾನೆ, ತನಗೆ ಬೇಕಾದ ಕಡೆ ತಿರುಗಿಸಿದ್ದಾನೆ. ಅಂದರೆ ಉಮರನ ಊರು ನಿಶಾಪುರದಿಂದ ಹೊರಟ ಸಾಮಾನು ಇಂಗ್ಲೆಂಡಿನಲ್ಲಿ ಪೊಟ್ಟಣ ಬದಲಾಯಿಸಿಕೊಂಡು ಕನ್ನಡಕ್ಕೆ ಬಂದಿದೆ. ದಾರಿಯಲ್ಲಿ ಏನು ಉದುರಿತು, ಏನು ಸೇರಿತು? ಈ ಒಂದು ಪ್ರಶ್ನೆ ಇಟ್ಟುಕೊಂಡರೆ ಅನುವಾದದ ಬಗ್ಗೆ ಇಡೀ ಉತ್ತರ ಬರೆಯಬಹುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ರುಬಾಯಿ ಮತ್ತು ಕಗ್ಗ, ಎರಡೂ ನಾಲ್ಕು ಸಾಲಿನವು. ಎರಡೂ ಕೇಳುವುದು ಹತ್ತಿರ ಹತ್ತಿರ ಒಂದೇ: ಎಲ್ಲಿಂದ ಬಂದೆವು, ಯಾಕೆ ಬಂದೆವು, ಇದಕ್ಕೆಲ್ಲ ಏನರ್ಥ. ಉತ್ತರ ಮಾತ್ರ ಬೇರೆ. ಇಂಗ್ಲಿಷ್ ಉಮರ ಬಟ್ಟಲು ತುಂಬಿಸು ಅನ್ನುತ್ತಾನೆ. ತಿಮ್ಮ ‘ಹುಲ್ಲಾಗು ಬೆಟ್ಟದಡಿ’ ಅನ್ನುತ್ತಾನೆ. ಅದೇ ಅನುಮಾನ ಒಬ್ಬನನ್ನು ಹೆಂಡದ ಕಡೆಗೆ, ಇನ್ನೊಬ್ಬನನ್ನು ನಾಲ್ಕು ಜನರ ನಡುವೆ ಬದುಕುವ ಕಡೆಗೆ ಯಾಕೆ ತಳ್ಳಿತು? ಇದಕ್ಕೆ ನಿಮ್ಮದೇ ಉತ್ತರ ಹುಡುಕಿ. ನನ್ನ ಉತ್ತರ ಕಾಪಿ ಹೊಡೆದರೆ ಅದೂ ಗೈಡೇ ಆಗುತ್ತದೆ, ಅಲ್ವಾ?

ರೂಪದ ಬಗ್ಗೆಯೂ ಒಂದು ಮಾತು ಸೇರಿಸಿ, ಇದನ್ನು ಬಹಳ ಜನ ಬಿಡುತ್ತಾರೆ. ಫಿಟ್ಸ್‌ಜೆರಾಲ್ಡನಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿದೆ: ಒಂದು, ಎರಡು, ನಾಲ್ಕನೇ ಸಾಲು ಕೂಡುತ್ತವೆ, ಮೂರನೆಯದು ಒಂಟಿ. ಕಗ್ಗದ ಮೊದಲ ಪದ್ಯ ತೆಗೆದು ನೋಡಿ. ನಾಲ್ಕೂ ಸಾಲಿನ ಎರಡನೇ ಅಕ್ಷರ ವಕಾರ. ನಮ್ಮ ಪ್ರಾಸ ಸಾಲಿನ ತಲೆಯಲ್ಲಿ, ಅವರದು ಬಾಲದಲ್ಲಿ. ಇಷ್ಟನ್ನು ಉದಾಹರಣೆ ಕೊಟ್ಟು ಬರೆದರೆ, ತಿದ್ದುವವನು ಚಹಾ ಲೋಟ ಕೆಳಗಿಟ್ಟು ಓದುತ್ತಾನೆ. ನಾನಂತೂ ಓದುತ್ತೇನೆ.

ಈಗ ಥಿಯರಿ. ಹೆದರಬೇಡಿ, ಇದು ಕಾಣುವಷ್ಟು ದೊಡ್ಡದಲ್ಲ. ತೌಲನಿಕ ಸಾಹಿತ್ಯದಲ್ಲಿ ಎರಡು ಮುಖ್ಯ ಪಂಥ. ಫ್ರೆಂಚ್ ಪಂಥದವರು ಸಾಕ್ಷಿ ಕೇಳುವವರು: ಈ ಲೇಖಕ ಆ ಲೇಖಕನನ್ನು ಓದಿದ್ದಕ್ಕೆ ಪುರಾವೆ ತೋರಿಸು, ಆಮೇಲೆ ಪ್ರಭಾವದ ಮಾತಾಡು. ಉಮರನ ಒಸಗೆ ಅವರ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅಮೆರಿಕನ್ ಪಂಥದವರು ಭೇಟಿಯೇ ಆಗದ ಇಬ್ಬರನ್ನೂ ಹೋಲಿಸಬಹುದು ಅಂದರು. 1958ರಲ್ಲಿ ವಿಮರ್ಶಕ ರೆನೆ ವೆಲೆಕ್ ಈ ಶಾಸ್ತ್ರವೇ ಬಿಕ್ಕಟ್ಟಿನಲ್ಲಿದೆ ಅಂತ ಹೇಳಿ, ಯಾರು ಯಾರಿಂದ ತಗೊಂಡರು ಅಂತ ಬರೀ ಸಾಲದ ಲೆಕ್ಕ ಬರೆಯುವ ಪದ್ಧತಿಯನ್ನು ಜಾಡಿಸಿದರು. 1827ರಲ್ಲಿ ಜರ್ಮನ್ ಕವಿ ಗಯಟೆ ವಿಶ್ವಸಾಹಿತ್ಯದ ಮಾತಾಡಿದ್ದು, 1907ರಲ್ಲಿ ಟಾಗೋರರು ಅದೇ ಹೆಸರಿನಲ್ಲಿ ಉಪನ್ಯಾಸ ಕೊಟ್ಟಿದ್ದು, 1956ರಲ್ಲಿ ಬಂಗಾಳಿ ಕವಿ ಬುದ್ಧದೇವ ಬಸು ಜಾದವಪುರ ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯದ ವಿಭಾಗ ಶುರು ಮಾಡಿದ್ದು, 1993ರಲ್ಲಿ ವಿದ್ವಾಂಸೆ ಸೂಸನ್ ಬ್ಯಾಸ್ನೆಟ್ ತೌಲನಿಕ ಸಾಹಿತ್ಯದ ಕಾಲ ಮುಗಿಯಿತು, ಇನ್ನು ಅನುವಾದ ಅಧ್ಯಯನವೇ ಮುಂದೆ ಬರಬೇಕು ಅಂದಿದ್ದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಅಧ್ಯಾಪಕರಾಗುವ ಅರ್ಹತೆಗೆ ಕೆಸೆಟ್, ನೆಟ್ ಪರೀಕ್ಷೆ ಬರೆಯುವಾಗಲೂ ಉಪಯೋಗಕ್ಕೆ ಬರುತ್ತದೆ. ಥಿಯರಿಗೆ ಎರಡು ದಿನಕ್ಕಿಂತ ಜಾಸ್ತಿ ಕೊಡಬೇಡಿ.

ಮನೆಮಾತು ತೆಲುಗು ಅಂತ ತೊಂದರೆಯ ಹಾಗೆ ಬರೆದಿದ್ದೀರಿ. ಅಯ್ಯೋ, ಈ ಭಾಗದ ಮಟ್ಟಿಗೆ ಅದು ಆಸ್ತಿ ಕಣ್ರೀ. ನಿಮ್ಮ ಅಜ್ಜಿಯ ಬಾಯಲ್ಲಿ ವೇಮನನ ಪದ್ಯ ಕೇಳಿರುತ್ತೀರಿ. ಸ್ಕೂಲಿನಲ್ಲಿ ಸರ್ವಜ್ಞನ ವಚನ ಒಪ್ಪಿಸಿರುತ್ತೀರಿ. ವೇಮನನದು ಆಟವೆಲದಿ ಅನ್ನುವ ತೆಲುಗು ಛಂದಸ್ಸು, ನಾಲ್ಕು ಸಾಲು, ಕೊನೆಯ ಸಾಲು ಪೂರ್ತಿ ಅಂಕಿತಕ್ಕೇ, ಅಂದರೆ ಕವಿಯ ಗುರುತಿನ ಮಾತಿಗೇ, ಹೋಗುತ್ತದೆ. ಸರ್ವಜ್ಞನದು ತ್ರಿಪದಿ, ಅಂಕಿತ ಒಂದೇ ಪದ. ಇಬ್ಬರೂ ಡಾಂಭಿಕರನ್ನು ಬೈದವರು, ಇಬ್ಬರೂ ಊರೂರು ತಿರುಗಿದವರು ಅಂತ ಜನ ಹೇಳುತ್ತಾರೆ. ಒಬ್ಬರನ್ನು ಇನ್ನೊಬ್ಬರು ಓದಿದ್ದಕ್ಕೆ ಪುರಾವೆ ತೋರಿಸದೆಯೇ ಇವರನ್ನು ಹೋಲಿಸಬಹುದು. ಅಮೆರಿಕನ್ ಪಂಥ ವಿವರಿಸಿ ಅಂತ ಬಂದರೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ? ಸಂತಕವಿ ಕೈವಾರ ತಾತಯ್ಯನವರಂತೂ ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ಸಾಹಿತ್ಯ ಒಂದು ಭಾಷೆಯ ಬೇಲಿಯೊಳಗೆ ಇರುತ್ತದೆ ಅಂತ ಯಾರಾದರೂ ಅಂದರೆ ಚಿಂತಾಮಣಿ ಬಸ್ ಹತ್ತಿಸಿ ಕೈವಾರಕ್ಕೆ ಕಳಿಸಿ.

ಒಂದು ಎಚ್ಚರಿಕೆ. ಪ್ರಶ್ನೆಯಲ್ಲಿ ನಿಗದಿಯಾದ ಪಠ್ಯಗಳ ಹೆಸರು ಕೊಟ್ಟಿದ್ದರೆ ಅವುಗಳ ಬಗ್ಗೆಯೇ ಬರೆಯಿರಿ. ಊರಿನ ಅಭಿಮಾನಕ್ಕೆ ಡಿ.ವಿ.ಜಿ.ಯನ್ನು ತುರುಕಬೇಡಿ. ಸೂಕ್ತ ಉದಾಹರಣೆಗಳೊಂದಿಗೆ ಅಂತ ಬಿಟ್ಟಿದ್ದರೆ ಮಾತ್ರ ಇವು. ಆಗಲೂ ಕನ್ನಡ ಅಥವಾ ತೆಲುಗು ಸಾಲನ್ನು ನಿಮ್ಮದೇ ಸರಳ ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಮಾಡಿ ಕೊಡಿ. ತಿದ್ದುವವರಿಗೆ ಆ ಭಾಷೆ ಗೊತ್ತಿರುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ.

ಬರೆಯುವ ಅಭ್ಯಾಸ ಹೇಗೆ ಅಂದರೆ, ದಿನಕ್ಕೊಂದು ಜೋಡಿ ತಗೊಳ್ಳಿ. ಹಾಳೆಯ ನೆತ್ತಿಯ ಮೇಲೆ ಪ್ರಶ್ನೆ ಬರೆಯಿರಿ. ಪ್ರತಿ ಪ್ಯಾರಾದಲ್ಲೂ ಎರಡೂ ಕೃತಿಗಳ ಹೆಸರು ಬರಲೇಬೇಕು ಅಂತ ನಿಯಮ ಹಾಕಿಕೊಳ್ಳಿ. ಒಂದು ಪ್ಯಾರಾದಲ್ಲಿ ಒಂದರ ಹೆಸರು ಮಾತ್ರ ಇದ್ದರೆ ಅಲ್ಲಿ ನೀವು ಸಾರಾಂಶಕ್ಕೆ ಜಾರಿದ್ದೀರಿ ಅಂತಲೇ ಲೆಕ್ಕ. ಮೊದಲ ಮೂರು ದಿನ ಇಂಗ್ಲಿಷ್ ಕೈಕೊಡುತ್ತದೆ. ಆಗ ಸುಮ್ನೆ ಕನ್ನಡದಲ್ಲೇ ಟಿಪ್ಪಣಿ ಮಾಡಿಕೊಂಡು ಆಮೇಲೆ ಇಂಗ್ಲಿಷ್‌ಗೆ ತನ್ನಿ. ನಾನು ಈಗಲೂ ಪಾಠಕ್ಕೆ ಹಾಗೇ ತಯಾರಾಗುವುದು.

ಫಿಟ್ಸ್‌ಜೆರಾಲ್ಡ್ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಯಾವ ಆವೃತ್ತಿ ಅಂತ ನೋಡಿಕೊಳ್ಳಿ. ಮೊದಲನೆಯದರಲ್ಲಿ 75 ಪದ್ಯ, 1868ರ ಎರಡನೆಯದರಲ್ಲಿ 110, ಆಮೇಲಿನವುಗಳಲ್ಲಿ 101. ಸಂಖ್ಯೆ ಹಾಕಿ ಉದಾಹರಿಸುವಾಗ ಆವೃತ್ತಿ ಹೇಳದಿದ್ದರೆ ನೀವು ಹೇಳಿದ ಪದ್ಯ ತಿದ್ದುವವರ ಪುಸ್ತಕದಲ್ಲಿ ಬೇರೆ ಜಾಗದಲ್ಲಿರುತ್ತದೆ. ನೀವು ಮೊದಲನೆಯದನ್ನೇ ಹಿಡಿಯಿರಿ, 75 ಪದ್ಯ ಒಂದು ಸಂಜೆಗೆ ಮುಗಿಯುತ್ತದೆ.