ಜುಲೈಯಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಕ್ರೇಡಲ್ ಮೌಂಟನ್ ಬೆಟ್ಟದ ಹತ್ತಿರ ನಾಲ್ಕು ರಾತ್ರಿ ಟೆಂಟ್ ಹಾಕಿ ಫೋಟೋ ತೆಗೆಯಬೇಕು. ದಿನಾ ಮಳೆ ಅಂತಾರೆ. ಮಳೆ ನಿಲ್ಲೋವರೆಗೆ ಕಾಯಬೇಕಾ? ಕ್ಯಾಮೆರಾ ಉಳಿಯುತ್ತಾ?

ಕಾಯಬೇಡಿ. ನಿಮಗಿರುವುದು ನಾಲ್ಕೇ ರಾತ್ರಿ. ಅಲ್ಲಿನ ಲೆಕ್ಕ ಹೀಗಿದೆ: ಹತ್ತು ದಿನದಲ್ಲಿ ಏಳು ದಿನ ಮಳೆ, ಎಂಟು ದಿನ ಮೋಡ, ಇಡೀ ದಿನ ಬಿಸಿಲು ಅನ್ನೋದು ಒಂದೇ ದಿನ. ವರ್ಷದಲ್ಲಿ 54 ದಿನ ಹಿಮ ಬೀಳುತ್ತದೆ. ಬಿಸಿಲಿಗೆ ಕಾಯುತ್ತಾ ಕೂತರೆ ಟೆಂಟಿನ ಬಟ್ಟೆ ನೋಡಿಕೊಂಡೇ ವಾಪಸ್ ಹೋಗಬೇಕಾಗುತ್ತದೆ.

ನಾನು ಈ ದ್ವೀಪದ ಹೋಬಾರ್ಟ್‌ ಊರಿಗೆ ಬಂದು ಆರು ಚಳಿಗಾಲ ಆಯಿತು. ಊರು ತೀರ್ಥಹಳ್ಳಿ ಕಡೆ, ಹಾಗಾಗಿ ಮಳೆ ನನಗೆ ಹೊಸದಲ್ಲ ಅಂದುಕೊಂಡೇ ಬಂದೆ. ಆದರೆ ಊರಿನ ಮಳೆಯಲ್ಲಿ ನೆನೆದರೆ ತಲೆ ಒರೆಸಿಕೊಂಡು ಬಚ್ಚಲ ಒಲೆ ಮುಂದೆ ಕೂರಬಹುದು. ಇಲ್ಲಿ ಜುಲೈ ಅಂದರೆ ಚಳಿಗಾಲ, ಎರಡು-ಮೂರು ಡಿಗ್ರಿಯಲ್ಲಿ ಗಾಳಿ ಜೊತೆ ಅಡ್ಡಡ್ಡ ಬರುವ ಮಳೆ. ಒಣ ಹಿಮಕ್ಕಿಂತ ಇದೇ ಅಪಾಯ, ಯಾಕೆಂದರೆ ಒದ್ದೆ ಬಟ್ಟೆ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಬೆಂಕಿ ಹಾಕಿಕೊಳ್ಳುವ ಹಾಗೂ ಇಲ್ಲ, ಗ್ಯಾಸ್ ಸ್ಟವ್ ಮಾತ್ರ. ಅಲ್ಲಿ ಸ್ಕಾಟ್-ಕಿಲ್ವರ್ಟ್ ಅಂತ ಒಂದು ಗುಡಿಸಲಿದೆ. 1965ರಲ್ಲಿ ಶಾಲೆಯ ತಂಡವೊಂದು ಹಿಮಗಾಳಿಗೆ ಸಿಕ್ಕಿ ಒಬ್ಬ ಮೇಷ್ಟ್ರು, ಒಬ್ಬ ಹುಡುಗ ತೀರಿಹೋದರು. ಅವರ ನೆನಪಿಗೆ ಕಟ್ಟಿದ್ದು ಅದು. ಆದ್ದರಿಂದ ಕ್ಯಾಮೆರಾಗಿಂತ ಮೊದಲು ಮೈ ನೋಡಿಕೊಳ್ಳಿ. ಜೀನ್ಸ್, ಕಾಟನ್ ಬನಿಯನ್ ಮನೆಯಲ್ಲೇ ಬಿಡಿ. ಉಣ್ಣೆಯ ಒಂದು ಜೊತೆ ಬಟ್ಟೆ, ಸಾಕ್ಸ್ ಸಮೇತ, ಟೆಂಟಿನ ಒಳಗೆ ಮಾತ್ರ ಹಾಕಲಿಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಮತ್ತೆ ಒದ್ದೆ ಬಟ್ಟೆಯನ್ನೇ ಹಾಕಿಕೊಂಡು ಹೊರಗೆ ಹೋಗಬೇಕು. ಅದು ತುಂಬ ಕಷ್ಟ, ಆದರೂ ಹಾಗೇ ಮಾಡಬೇಕು. ಗರಿ ತುಂಬಿದ ಸ್ಲೀಪಿಂಗ್ ಬ್ಯಾಗ್ ಆದರೆ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ. ನೆನೆದ ಗರಿ ಮುದ್ದೆಯಾಗುತ್ತದೆ, ಬೆಚ್ಚಗಿಡುವುದಿಲ್ಲ.

ಈಗ ಕ್ಯಾಮೆರಾ ವಿಷಯ. ಎಲ್ಲರೂ ಮಳೆಗೆ ಹೆದರುತ್ತಾರೆ. ನನ್ನ ಅನುಭವದಲ್ಲಿ ಕ್ಯಾಮೆರಾ ಕೆಡಿಸುವುದು ಮಳೆಯಲ್ಲ, ಬೆಚ್ಚಗಿನ ಕೋಣೆ. ಮೊದಲ ಚಳಿಗಾಲದಲ್ಲಿ ನಡಿಗೆ ಶುರುವಾಗುವ ರೋನಿ ಕ್ರೀಕ್‌ನಿಂದ ಹತ್ತು-ಹನ್ನೊಂದು ಕಿ.ಮೀ. ನಡೆದು, ತಂಗುವ ಗುಡಿಸಲಿರುವ ವಾಟರ್‌ಫಾಲ್ ವ್ಯಾಲಿ ಮುಟ್ಟಿದ್ದೆ. ಟೆಂಟ್ ಹಾಕಿದೆ. ಕ್ಯಾಮೆರಾ ಪಾಪ ತಣ್ಣಗಾಗಿದೆ ಅಂತ ಗುಡಿಸಲಿನೊಳಗೆ ಒಯ್ದು ಹೀಟರ್ ಪಕ್ಕದ ಬೆಂಚಿನ ಮೇಲಿಟ್ಟೆ. ಸುತ್ತ ಹತ್ತು ಜನರ ಒದ್ದೆ ಬಟ್ಟೆ ಒಣಗುತ್ತಿತ್ತು, ಅನ್ನ ಬೇಯುತ್ತಿತ್ತು. ಆ ಹಬೆಯೆಲ್ಲ ತಣ್ಣಗಿನ ಗಾಜಿನ ಮೇಲೆ ಕೂತಿತು. ಹೊರಗಿನ ಗಾಜು ಒರೆಸಬಹುದು, ಲೆನ್ಸಿನ ಒಳಗೆ ಮಂಜು ಕಟ್ಟಿದರೆ ಏನು ಮಾಡುವುದು? ಮಾರನೇ ಬೆಳಿಗ್ಗೆ ಅರ್ಧ ಗಂಟೆ ಮೋಡ ಸರಿಯಿತು. ಬಾರ್ನ್ ಬ್ಲಫ್ ಬೆಟ್ಟದ ಮೇಲೆ ಹೊಸ ಹಿಮ, ಅದರ ಮೇಲೆ ಎಳೆ ಬಿಸಿಲು. ನನ್ನ ಲೆನ್ಸಿನಲ್ಲಿ ಬರೀ ಹಾಲು. ಆ ಅರ್ಧ ಗಂಟೆ ಇವತ್ತಿಗೂ ನೆನಪಾಗುತ್ತದೆ.

ಅಂದಿನಿಂದ ಕ್ಯಾಮೆರಾ ರಾತ್ರಿಯೂ ತಣ್ಣಗೇ ಇರುತ್ತದೆ. ಟೆಂಟಿನ ಹೊರಪದರದ ಕೆಳಗೆ, ಜಿಪ್ ಚೀಲದಲ್ಲಿ. ಒಳಗೆ ತರಲೇಬೇಕಾದರೆ ಹೊರಗೇ ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಮುಚ್ಚಿ ತನ್ನಿ. ಅದು ಕೋಣೆಯಷ್ಟೇ ಬೆಚ್ಚಗಾಗುವ ತನಕ ಬಿಚ್ಚಬೇಡಿ. ಬ್ಯಾಟರಿ ಮಾತ್ರ ಉಲ್ಟಾ. ಚಳಿಗೆ ಬೇಗ ಇಳಿಯುತ್ತದೆ, ಹಾಗಾಗಿ ಹಗಲು ಎದೆಯ ಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನಲ್ಲಿ.

ಮಳೆಯಲ್ಲಿ ತೆಗೆಯುವಾಗ ಒಂದು ಸಣ್ಣ ಛತ್ರಿ ಸಾಕು, ಗಾಳಿ ಇಲ್ಲದಿದ್ದರೆ. ಗಾಳಿ ಇದ್ದರೆ ಬೆನ್ನು ಗಾಳಿಗೆ ಕೊಟ್ಟು ನಿಲ್ಲಿ, ಆ ಕಡೆ ಏನು ಕಾಣುತ್ತೋ ಅದನ್ನೇ ತೆಗೆಯಿರಿ. ಒರೆಸುವ ಬಟ್ಟೆ ಕನಿಷ್ಠ ಐದು ಬೇಕು, ಬೇರೆ ಬೇರೆ ಚೀಲದಲ್ಲಿ. ಒಂದು ನೆನೆದರೆ ಅದು ನೀರು ಸವರುತ್ತದೆ ಅಷ್ಟೇ. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 16ರಷ್ಟು ಚಿಕ್ಕದು ಮಾಡಬೇಡಿ, ಗಾಜಿನ ಮೇಲಿನ ಒಂದೊಂದು ಹನಿಯೂ ಕಲೆಯಾಗಿ ಕಾಣುತ್ತದೆ. ಎಫ್ 8 ಸಾಕು. ಹಿಮ ಇದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು, ಜಾಸ್ತಿ ಕೊಡಿ, ಇಲ್ಲದಿದ್ದರೆ ಬೂದಿ ಬಣ್ಣ ಬರುತ್ತದೆ. ಹಲಗೆ ದಾರಿಯ ಮೇಲೆ ಟ್ರೈಪಾಡ್ ಇಟ್ಟಾಗ ಯಾರಾದರೂ ನಡೆದು ಬಂದರೆ ಹಲಗೆ ಅಲುಗುತ್ತದೆ. ಅವರು ದಾಟಿ ಹೋಗಲಿ, ಆಮೇಲೆ ಒತ್ತಿ.

ಇನ್ನೊಂದು, ಭಾರತದಿಂದ ಬಂದವರಿಗೆ ಗೊಂದಲ ಆಗುವುದು: ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ಜುಲೈಯಲ್ಲಿ ತುಂಬ ಕೆಳಗೆ. ಡವ್ ಲೇಕ್ ಸರೋವರದ ದಡದಿಂದ ಕ್ರೇಡಲ್ ಬೆಟ್ಟ ನೋಡುವಾಗ ನೀವು ದಕ್ಷಿಣಕ್ಕೆ ಮುಖ ಮಾಡಿರುತ್ತೀರಿ. ಅಂದರೆ ಬಿಸಿಲು ಬಂದರೆ ಬೆನ್ನ ಹಿಂದಿನಿಂದ ಬೆಟ್ಟದ ಮುಖಕ್ಕೆ ಬೀಳುತ್ತದೆ. ಒಳ್ಳೆಯದೇ. ಆದರೆ ಆ ಫೋಟೋ ಈಗಾಗಲೇ ಎಲ್ಲರ ಹತ್ತಿರವೂ ಇದೆ ಅಲ್ವಾ?

ನನ್ನ ಕೇಳಿದರೆ ಬೆಟ್ಟ ಬಿಡಿ, ಮರ ನೋಡಿ. ಸ್ನೋ ಗಮ್ ಮರದ ತೊಗಟೆ ಒಣಗಿದ್ದಾಗ ಸಾದಾ ಬೂದು. ಮಳೆ ಬಿದ್ದು ಹತ್ತು ನಿಮಿಷಕ್ಕೆ ಅದೇ ತೊಗಟೆಯಲ್ಲಿ ಕೆಂಪು, ಎಳೆ ಹಸಿರು, ಅರಿಶಿನದ ಪಟ್ಟೆಗಳು ಏಳುತ್ತವೆ. ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿ ನಿಧಾನವಾಗಿ ತಿರುಗಿಸಿ. ನೀರಿನ ಬಿಳಿ ಹೊಳಪು ಹೋಗಿ ಒಳಗಿನ ಬಣ್ಣ ಎದ್ದು ಬರುವುದು ಕಣ್ಣಿಗೇ ಕಾಣುತ್ತದೆ. ಬಿಸಿಲಿನ ದಿನ ಇದು ಸಿಗುವುದೇ ಇಲ್ಲ. ವಾಲ್ಡ್‌ಹೈಮ್ ಅನ್ನೋ ಮರದ ಮನೆಯ ಹತ್ತಿರದ ಕಿಂಗ್ ಬಿಲ್ಲಿ ಪೈನ್ ಕಾಡಿನ ಪಾಚಿಯೂ ಹಾಗೇ. ಒದ್ದೆಯಾದರೇನೇ ಜೀವ.

ಈ ದ್ವೀಪದ ದೊಡ್ಡ ಫೋಟೋಗ್ರಾಫರ್ ಪೀಟರ್ ಡೊಂಬ್ರೊವ್ಸ್ಕಿಸ್ ಭಾರದ ಲಿನ್‌ಹಾಫ್ ಕ್ಯಾಮೆರಾ ಹೊತ್ತುಕೊಂಡು ಇದೇ ಮಳೆಯಲ್ಲಿ ನಡೆದವರು. ಫ್ರಾಂಕ್ಲಿನ್ ನದಿಯ ಒಂದು ತಿರುವಿನಲ್ಲಿ ಬೆಳಗಿನ ಮಂಜು ಏಳುತ್ತಿದ್ದ ಅವರ ಚಿತ್ರ 1983ರ ಚುನಾವಣೆ ಹೊತ್ತಿಗೆ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತಾಗಿ ಬಂತು. ಆ ನದಿಗೆ ಕಟ್ಟಬೇಕಿದ್ದ ಅಣೆಕಟ್ಟು ಅದೇ ವರ್ಷ ನಿಂತಿತು. ಅವರಿಗೆ ದಾರಿ ತೋರಿಸಿದ ಒಲೆಗಸ್ ಟ್ರುಚಾನಸ್ ಅವರ ಸ್ಲೈಡುಗಳೆಲ್ಲ 1967ರ ಹೋಬಾರ್ಟ್ ಕಾಳ್ಗಿಚ್ಚಿನಲ್ಲಿ ಸುಟ್ಟುಹೋದವು. ಅವರು ಮತ್ತೆ ಮೊದಲಿನಿಂದ ತೆಗೆಯಲು ಹೊರಟರು, 1972ರಲ್ಲಿ ಗಾರ್ಡನ್ ನದಿಯಲ್ಲಿ ಮುಳುಗಿ ತೀರಿಕೊಂಡರು. ನದಿಯ ಆ ಮಂಜಿನ ಚಿತ್ರವನ್ನು ಬರುವ ಮೊದಲು ಒಮ್ಮೆ ನೋಡಿ. ಅದರಲ್ಲಿ ಒಂದು ಚೂರು ನೀಲಿ ಆಕಾಶ ಇಲ್ಲ.

ಕೊನೆಗೆ ಎರಡು ಸಣ್ಣ ಮಾತು. ಕಾಗೆಯಂಥ ಕಪ್ಪು ಕರಾವಾಂಗ್ ಹಕ್ಕಿಗಳು ಬ್ಯಾಗಿನ ಜಿಪ್ ಎಳೆದು ತೆಗೆಯುತ್ತವೆ. ಬ್ಯಾಗನ್ನು ಸುಮ್ನೆ ಬಿಟ್ಟು ಫೋಟೋಗೆ ಹೋಗಬೇಡಿ, ಮೇಲೆ ಕವರ್ ಹಾಕಿ. ಮತ್ತೆ, ನಿಮಗೆ ಬೇಕಿರುವುದು ಫಾಗಸ್ ಗಿಡದ ಕಿತ್ತಳೆ ಬಣ್ಣ ಆದರೆ ಜುಲೈಗೆ ಎಲೆಯೆಲ್ಲ ಉದುರಿರುತ್ತದೆ, ಟಿಕೆಟ್ಟನ್ನು ಏಪ್ರಿಲ್ ಕೊನೆಗೆ ಬದಲಾಯಿಸಿ. ಹಿಮ ಬೇಕೆಂದರೆ ಜುಲೈಯೇ ಸರಿ.