ಕಬಡ್ಡಿ ಫೋಟೊ ಮಸುಕಾದರೆ ಕ್ಯಾಮೆರಾ ಬದಲಿಸಬೇಕಾ?

ಪ್ರಶ್ನೆ: ನಮ್ಮ ಕಾಲೇಜಿನ ಒಳಾಂಗಣ ಕ್ರೀಡಾಂಗಣದಲ್ಲಿ ಮ್ಯಾಟ್ ಕಬಡ್ಡಿ ನಡೆಯುತ್ತದೆ. ನನ್ನ ಹತ್ತಿರ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್, 55-250 ಜೂಮ್ ಲೆನ್ಸ್ ಇವೆ. ಲೆನ್ಸಿನ ಬಾಯಿ (ಅಪರ್ಚರ್) ಎಫ್/5.6, ಶಟರ್ 1/125 ಸೆಕೆಂಡ್, ಬೆಳಕಿನ ಸಂವೇದನೆ ಐಎಸ್‌ಒ 3200 ಇಟ್ಟು ತೆಗೆದೆ. ರೈಡರ್‌ಗಳ ಕೈಕಾಲೆಲ್ಲ ಮಸುಕು. ಶಟರ್ ಏರಿಸಿದರೆ ಫೋಟೊ ಕಪ್ಪು, ಕೆಲವು ಫ್ರೇಮ್‌ಗಳಲ್ಲಿ ಅರ್ಧ ಭಾಗ ಹಳದಿ. ಹೊಸ ಕ್ಯಾಮೆರಾ ಕೊಳ್ಳಬೇಕಾ ಸರ್?
– ಪದವಿ ವಿದ್ಯಾರ್ಥಿ, ಸಾಗರ

ಉತ್ತರ: ಬೇಡ. ಆ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಖರ್ಚು ಮಾಡಿ 50 ಎಂಎಂ ಎಫ್/1.8 ಲೆನ್ಸ್ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ.

ಯಾಕೆ ಅಂದರೆ, ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಎಫ್/1.8ರಲ್ಲಿ ಒಳಗೆ ಬರುವ ಬೆಳಕು ಎಫ್/5.6ರ ಸುಮಾರು 10 ಪಟ್ಟು. ಅದೇ ಹಾಲ್, ಅದೇ ಲೈಟು, ಅದೇ ಐಎಸ್‌ಒ 3200. ಆದರೆ ಶಟರ್ 1/125 ಇದ್ದದ್ದು ಆರಾಮಾಗಿ 1/1000ಕ್ಕೆ ಏರುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸಿದ ಕೈ 1/125ರಲ್ಲಿ 4 ಸೆಂಟಿಮೀಟರ್ ಸರಿದಿರುತ್ತದೆ. ಮಸುಕಾಗದೆ ಇನ್ನೇನಾಗುತ್ತದೆ! 1/1000ರಲ್ಲಿ ಅದು ಅರ್ಧ ಸೆಂಟಿಮೀಟರ್ ಅಷ್ಟೆ. ಕಬಡ್ಡಿಗೆ ನಾನು 1/800ಕ್ಕಿಂತ ಕೆಳಗೆ ಇಳಿಯುವುದು ಕಡಿಮೆ, ತೀರಾ ಕತ್ತಲಿದ್ದರೆ 1/500.

ಮೋಡ್ ಮ್ಯಾನುವಲ್ ಇರಲಿ. ಹಾಲ್‌ನ ಲೈಟು ಆಟ ಮುಗಿಯುವವರೆಗೂ ಬದಲಾಗುವುದಿಲ್ಲವಲ್ಲ, ಕ್ಯಾಮೆರಾಗೆ ಯಾಕೆ ಯೋಚನೆ ಮಾಡಲು ಬಿಡಬೇಕು? ಬಿಳಿ ಜೆರ್ಸಿಯವನು ಬಂದರೆ ಫೋಟೊ ಕಪ್ಪು, ಕಪ್ಪು ಜೆರ್ಸಿಯವನು ಬಂದರೆ ಬೆಳ್ಳಗೆ ಮಾಡಿಡುತ್ತದೆ. ಆಟಗಾರರು ವಾರ್ಮ್‌ಅಪ್ ಮಾಡುವಾಗಲೇ ನಾಲ್ಕು ಫೋಟೊ ತೆಗೆದು, ಮುಖ ಸರಿಯಾಗಿ ಕಾಣುವಂತೆ ಐಎಸ್‌ಒ ಹೊಂದಿಸಿಕೊಳ್ಳಿ. 6400 ಬೇಕಾದರೆ 6400. ನಾಯ್ಸ್‌ಗೆ (ಫೋಟೊದಲ್ಲಿ ಕಾಣುವ ಕಾಳು ಕಾಳು ಚುಕ್ಕೆಗಳಿಗೆ) ಹೆದರಿ ಕಪ್ಪಾಗಿ ತೆಗೆದು, ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಗಿಸಿದರೆ ನಾಯ್ಸ್ ಇನ್ನೂ ಜಾಸ್ತಿಯೇ ಕಾಣುತ್ತದೆ. ಇದು ನಾನು ಪೆಟ್ಟು ತಿಂದು ಕಲಿತದ್ದು. ಶುರುವಿನಲ್ಲಿ ಒಂದು ಫೈನಲ್ ಪಂದ್ಯಕ್ಕೆ ಹೋಗಿ ಐಎಸ್‌ಒ 1600 ದಾಟಿಸುವುದಿಲ್ಲ ಅಂತ ಹಟ ಹಿಡಿದಿದ್ದೆ. ಇನ್ನೂರು ಫೋಟೊಗಳಲ್ಲಿ ಶಾರ್ಪ್ ಆಗಿ ಬಂದದ್ದು ಒಂದೇ, ಬೆಂಚಿನ ಮೇಲೆ ಕೂತಿದ್ದ ಕೋಚ್‌ದು.

ಇನ್ನು ಆ ಹಳದಿ. ಅದು ನಿಮ್ಮ ಕ್ಯಾಮೆರಾದ ದೋಷ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬ್‌ಲೈಟು, ಮೆಟಲ್ ಹಾಲೈಡ್ ದೀಪ, ಅಗ್ಗದ ಎಲ್‌ಇಡಿ ಎಲ್ಲ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ ವೇಗ ಹೆಚ್ಚಾದಾಗ ಪೂರ್ತಿ ಫ್ರೇಮ್ ಒಂದೇ ಸಲ ತೆರೆದುಕೊಳ್ಳುವುದಿಲ್ಲ, ಸಣ್ಣ ಸೀಳೊಂದು ಮೇಲಿಂದ ಕೆಳಗೆ ಓಡುತ್ತದೆ. ಅದು ಓಡುವಷ್ಟರಲ್ಲಿ ದೀಪ ಮಂಕಾದರೆ ಅಷ್ಟು ಭಾಗ ಕಪ್ಪು ಅಥವಾ ಹಳದಿ. ಮೆನುವಿನಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ದೀಪ ಪೂರ್ತಿ ಬೆಳಗುವ ಗಳಿಗೆಗೆ ಕಾದು ಕ್ಯಾಮೆರಾ ಕ್ಲಿಕ್ಕಿಸುತ್ತದೆ. ತುಂಬಾ ಹಳೆಯ ಮಾಡೆಲ್‌ಗಳಲ್ಲಿ ಇದಿಲ್ಲ. ಆಗ ಮೂರು ಮೂರು ಫ್ರೇಮ್‌ಗಳ ಬರ್ಸ್ಟ್ ಹೊಡೆಯಿರಿ, ಒಂದಾದರೂ ಸರಿಯಾಗಿ ಸಿಗುತ್ತದೆ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇಟ್ಟುಕೊಂಡರೆ ಬಣ್ಣ ತಿದ್ದುವುದು ಸುಲಭ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ರೈಡರ್ ಕಣ್ಣಿಗೆ ಹೊಡೆಯುತ್ತದೆ, ಅಂಪೈರ್ ನಿಮ್ಮನ್ನು ಎಬ್ಬಿಸಿ ಕಳಿಸುತ್ತಾರೆ.

ಜೂಮ್ ಇಲ್ಲದೆ ಹೇಗೆ ಅನ್ನುತ್ತೀರಾ? ಕೂರುವ ಜಾಗ ಬದಲಿಸಿ. ಪುರುಷರ ಅಂಕಣ 13 ಮೀಟರ್ ಉದ್ದ, ಅಂದರೆ ಒಂದು ತಂಡದ ಪಾಲು ಆರೂವರೆ ಮೀಟರ್. ಎಂಡ್ ಲೈನ್ ಹಿಂದೆ, ಮೂಲೆಯ ಹತ್ತಿರ ನೆಲದ ಮೇಲೆ ಕೂತರೆ ರೈಡರ್ ನಿಮ್ಮ ಕಡೆಗೇ ಮುಖ ಮಾಡಿ ಬರುತ್ತಾನೆ. ಬೋನಸ್ ಲೈನ್‌ಗೆ ಕಾಲು ಚಾಚುವಾಗ ಅವನ ಮುಖದಲ್ಲಿ ಏನಿದೆ ಅಂತ ಕಾಣುತ್ತದೆ. ಪಕ್ಕದ ಗ್ಯಾಲರಿಯಿಂದ ಬರೀ ಬೆನ್ನು, ಮೊಣಕೈ. ಆದರೆ ಹಿಡಿತಕ್ಕೆ ಸಿಕ್ಕವನು ಮಿಡ್ ಲೈನ್ ಕಡೆಗೆ ಎಗರುವಾಗ ಮುಖ ಆಚೆ ತಿರುಗಿಬಿಡುತ್ತದೆ. ಆ ಮುಖ ಬೇಕಾದರೆ ಅರ್ಧ ಪಂದ್ಯ ಎದುರಿನ ತುದಿಯಲ್ಲಿ ಕೂರಿ.

ಆರು ಮೀಟರ್ ದೂರದಲ್ಲಿ ಎಫ್/1.8 ಇಟ್ಟರೆ ಶಾರ್ಪ್ ಆಗಿರುವ ಜಾಗ ಸುಮಾರು ಒಂದು ಮೀಟರ್ ಮಾತ್ರ. ಹಾಗಾಗಿ ಎಐ ಸರ್ವೊ (ಓಡುವವನನ್ನು ಬಿಡದೆ ಹಿಂಬಾಲಿಸುವ ಫೋಕಸ್) ಹಾಕಿ, ನಡುವಿನ ಒಂದೇ ಫೋಕಸ್ ಪಾಯಿಂಟನ್ನು ರೈಡರ್‌ನ ಎದೆ ಮೇಲಿಡಿ. ರೈಡ್‌ಗೆ ಇರುವುದೇ 30 ಸೆಕೆಂಡ್, ಪೂರ್ತಿ ಹಿಂಬಾಲಿಸಿ. ಎಡಮೂಲೆಯವನು ಸ್ವಲ್ಪ ಬಗ್ಗಿದ ಅಂದರೆ ಆಂಕಲ್ ಹೋಲ್ಡ್ ಬರಬಹುದು, ಬೆರಳು ಒತ್ತಿ. ಅವನು ಕಾಲು ಹಿಡಿದ ಮೇಲೆ ಒತ್ತಿದರೆ ತಡವಾಯಿತು.

ಪ್ರಶ್ನೆ: ಮಗಳು ಬ್ಯಾಡ್ಮಿಂಟನ್ ಆಡುತ್ತಾಳೆ. ಎಷ್ಟು ಶಟರ್ ಇಟ್ಟರೂ ಶಟಲ್ ಗೆರೆ ಗೆರೆಯಾಗಿ ಬರುತ್ತದೆ, ಏನು ಮಾಡಲಿ?
– ಓದುಗರು, ಮಂಗಳೂರು

ಉತ್ತರ: ಬರಲಿ ಬಿಡಿ ಅಮ್ಮ. ನಮ್ಮ ದೇಶದ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿಯವರ ಸ್ಮ್ಯಾಶ್ 2023ರಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ದಾಖಲೆ ಮಾಡಿತು. ಆ ವೇಗಕ್ಕೆ 1/1000ರಲ್ಲೂ ಶಟಲ್ ಸುಮಾರು 16 ಸೆಂಟಿಮೀಟರ್ ಓಡಿರುತ್ತದೆ. ಹೊಡೆದ ಮೇಲಿನ ಫೋಟೊ ಬಿಟ್ಟು, ಮಗಳು ಜಿಗಿದು ಇನ್ನೇನು ಹೊಡೆಯಬೇಕು ಅನ್ನುವಾಗ ತೆಗೆಯಿರಿ. ಜಿಗಿತದ ತುದಿಯಲ್ಲಿ ಮೈ ಅರೆಕ್ಷಣ ನಿಂತಂತಿರುತ್ತದೆ, ಶಟಲ್ ಕೂಡ ಮೇಲಿಂದ ನಿಧಾನವಾಗಿ ಇಳಿಯುತ್ತಿರುತ್ತದೆ. 1/800 ಧಾರಾಳ ಸಾಕು.